ಅರ್ಧ ಟಿಕೆಟ್ಟಿನ ಓದುಗರು

ಮೂವತ್ತು ವರ್ಷ ಬಸ್ಸಿನಲ್ಲಿ ನಿಂತುಕೊಂಡೇ ಸಂಸಾರ ಸಾಗಿಸಿದ ನಮ್ಮ ಮಾವನವರು ಕಂಡಕ್ಟರ್ ಕೆಲಸದಿಂದ ನಿವೃತ್ತರಾದಾಗ, ಡಿಪೋದವರು ಒಂದು ಗೋಡೆ ಗಡಿಯಾರ ಕೊಟ್ಟು, ಇನ್ನು ಮುಂದೆ ಹಾಯಾಗಿ ಮನೆಯಲ್ಲಿರಿ ಎಂದು ಭಾಷಣ ಮಾಡಿ ಕಳಿಸಿಕೊಟ್ಟರು. ಅವರು ಹಾಯಾಗಿರುವುದೇನೋ ಸರಿ. ಅದೇ ಮನೆಯಲ್ಲಿರುವ ಉಳಿದವರ ಗತಿ ಏನು ಎಂದು ಭಾಷಣ ಮಾಡಿದವರಲ್ಲಿ ಒಬ್ಬರೂ ಯೋಚಿಸಲಿಲ್ಲ.

ಉಳಿದವರು ಎಂದರೆ ಅತ್ತೆ, ಅವರ ಮಗಳಾದ ನನ್ನ ಹೆಂಡತಿ ಮತ್ತು ನಾನು. ಮದುವೆಯಾದ ಹೊಸದರಲ್ಲಿ, ಬಾಡಿಗೆ ಮನೆ ಸಿಗುವ ತನಕ ಎಂದು ನಾನು ಆ ಮನೆಗೆ ಬಂದವನು. ಈಗಲೂ ಹುಡುಕುತ್ತಲೇ ಇದ್ದೇನೆ. ಒಳ್ಳೆಯ ಮನೆ ಸಿಗುವುದು ಕಷ್ಟ, ಅದರಲ್ಲೂ ಅತ್ತೆಯ ಕೈಯಡುಗೆ ಸಿಗುವಂಥದ್ದು.

ಮಾವನವರ ಮೈಯಿಂದ ಖಾಕಿ ಬಟ್ಟೆ ಇಳಿಯಿತೇ ಹೊರತು ಕಂಡಕ್ಟರ್ ಇಳಿಯಲಿಲ್ಲ. ಮನೆಗೆ ಬಂದ ನೆಂಟರು ಬಾಗಿಲ ಬಳಿ ನಿಂತು ಮಾತಾಡಿದರೆ ಅವರನ್ನು ಒಳಗೆ ದೂಡುತ್ತಿದ್ದರು. ಇಬ್ಬರು ಆರಾಮಾಗಿ ಕೂತ ಸೋಫಾದಲ್ಲಿ ಮೂರನೆಯವರಿಗೆ ಜಾಗ ಮಾಡಿಸುತ್ತಿದ್ದರು. ಮೂರನೆಯವರು ಯಾರೂ ಇಲ್ಲದಿದ್ದರೆ ತಾವೇ ಕೂರುತ್ತಿದ್ದರು. ಅತ್ತೆ ಅಡುಗೆ ಮಾಡುವಾಗ ಬಾಗಿಲಿಗೆ ಒರಗಿ ನಿಂತು, ಯಾವ ಸ್ಟಾಪಿನಲ್ಲಿ ಯಾವ ವರ್ಷ ಯಾರು ಚಿಲ್ಲರೆಗಾಗಿ ಜಗಳವಾಡಿದರು ಎಂಬ ಇತಿಹಾಸವನ್ನು ಬೆಳಗಿನಿಂದ ಸಂಜೆಯವರೆಗೆ ಹೇಳುತ್ತಿದ್ದರು. ಅತ್ತೆಗೆ ತಲೆನೋವು ಶುರುವಾಯಿತು. ಡಾಕ್ಟರು, ಯಾವಾಗಿನಿಂದ ಎಂದು ಕೇಳಿದಾಗ ಅವರು ಮಾವನವರ ನಿವೃತ್ತಿಯ ತಾರೀಕು ಹೇಳಿದರು.

ಹೀಗೇ ಒಂದು ವರ್ಷ ಕಳೆಯಿತು. ಕೊನೆಗೆ ಅತ್ತೆ, ತಂಗಿಯ ಮನೆಗೆ ಹೋಗಿ ಇದ್ದುಬಿಡುತ್ತೇನೆ ಎಂದು ಪೆಟ್ಟಿಗೆ ಇಳಿಸಿ ಧೂಳು ಒರೆಸಿದರು. ನನ್ನ ಹೆಂಡತಿ ಬೆಳಿಗ್ಗೆ ಆಫೀಸಿಗೆ ಹೋದರೆ ಬರುವುದು ಸಂಜೆ. ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವನು, ಮಧ್ಯಾಹ್ನ ಊಟಕ್ಕೆ ಮನೆಗೆ ಬರುತ್ತೇನೆ. ಅತ್ತೆ ಹೊರಟುಹೋದರೆ ಅಡುಗೆಯೂ ನನ್ನ ತಲೆಗೆ, ಆ ಇತಿಹಾಸವೂ ನನ್ನ ಕಿವಿಗೆ. ಆ ಪೆಟ್ಟಿಗೆ ಮತ್ತೆ ಅಟ್ಟ ಸೇರಲೇಬೇಕಾಗಿತ್ತು.

ಆ ಹೊತ್ತಿಗೆ ಸರಿಯಾಗಿ ನಮ್ಮ ಕಟ್ಟಡದ ನಿವಾಸಿಗಳ ಸಂಘದ ಅಧ್ಯಕ್ಷರಿಗೆ ಒಂದು ಆಲೋಚನೆ ಹೊಳೆಯಿತು. ಅವರು ಹಲ್ಲಿನ ಡಾಕ್ಟರು. ಮನೆಮನೆಯಿಂದ ಹಳೆಯ ಕಥೆ ಪುಸ್ತಕಗಳನ್ನು ಒಟ್ಟು ಮಾಡಿಸಿ, ಕೆಳಗೆ ಮುರಿದ ಸೈಕಲ್ಲುಗಳನ್ನು ತುಂಬಿದ್ದ ಕೋಣೆಯನ್ನು ಖಾಲಿ ಮಾಡಿಸಿ, ಕಟ್ಟಡದ ಮಕ್ಕಳಿಗೆ ಪುಸ್ತಕದ ಕೋಣೆ ಮಾಡಲು ಹೊರಟರು. ಯಾವ ವಯಸ್ಸಿನ ಮಗುವಿಗೆ ಯಾವ ಪುಸ್ತಕ ಎಂದು ಆರಿಸಿ ಕೊಡಲು ತಿಳಿದವರೊಬ್ಬರು ಬೇಕು, ದಿನವಿಡೀ ಕೂರುವವರಾದರೆ ಒಳ್ಳೆಯದು ಎಂದು ಅವರು ಮೆಟ್ಟಿಲ ಮೇಲೆ ಸಿಕ್ಕಿದ ಅತ್ತೆಯ ಹತ್ತಿರ ಹೇಳಿದರು. ಅತ್ತೆಯ ಕಿವಿಗೆ ಬಿದ್ದದ್ದು ದಿನವಿಡೀ ಎಂಬ ಮಾತು ಮಾತ್ರ.

"ನಮ್ಮ ಮನೆಯವರೇ ಇದ್ದಾರಲ್ಲ," ಎಂದರು ಅತ್ತೆ. "ಮೂವತ್ತು ವರ್ಷದಲ್ಲಿ ಎಷ್ಟು ಸಾವಿರ ಮಕ್ಕಳನ್ನ ನೋಡಿದ್ದಾರೋ ಲೆಕ್ಕ ಇಲ್ಲ. ಮಗು ಮುಖ ನೋಡಿದ್ರೆ ಸಾಕು, ವಯಸ್ಸು ಹೇಳಿಬಿಡ್ತಾರೆ. ಪುಸ್ತಕ ಅಂದ್ರೆ ಪ್ರಾಣ."

ಇದರಲ್ಲಿ ಮೊದಲ ಮಾತು ನಿಜ. ಎರಡನೆಯದು ಅರ್ಧ ನಿಜ. ಮೂರನೆಯದನ್ನು ಆಮೇಲೆ ಮನೆಯಲ್ಲಿ ಕೇಳಿ ಮಾವನವರೇ ಬೆಚ್ಚಿಬಿದ್ದರು, ಏಕೆಂದರೆ ಅವರು ಬದುಕಿನಲ್ಲಿ ಅತಿ ಹೆಚ್ಚು ಕಾಲ ಕೈಯಲ್ಲಿ ಹಿಡಿದಿದ್ದ ಪುಸ್ತಕವೆಂದರೆ ಟಿಕೆಟ್ ಪುಸ್ತಕ. ಆದರೂ ಅಧ್ಯಕ್ಷರಂಥವರು ಮನೆಗೆ ಬಂದು ಕೀಲಿಕೈ ಕೊಟ್ಟಾಗ ಎದೆ ಉಬ್ಬಿಸಿ ತೆಗೆದುಕೊಂಡರು. ಅತ್ತೆ ಆ ದಿನವೇ ಪೆಟ್ಟಿಗೆಯನ್ನು ಅಟ್ಟಕ್ಕೇರಿಸಿದರು.

ಮಾವನವರು ಕೆಲಸವನ್ನು ಹಗುರವಾಗಿ ತೆಗೆದುಕೊಳ್ಳುವ ಜಾತಿಯವರಲ್ಲ. ಪುಸ್ತಕಗಳನ್ನು ಓದಿ ನೋಡುವ ಗೋಜಿಗೆ ಹೋಗದೆ, ತೆಳ್ಳಗಿನವು ಚಿಕ್ಕವರಿಗೆ, ಮಧ್ಯಮದವು ಮಧ್ಯಮದವರಿಗೆ, ದಪ್ಪಗಿನವು ದೊಡ್ಡವರಿಗೆ ಎಂದು ಮೂರು ಕಪಾಟಿನಲ್ಲಿ ಜೋಡಿಸಿದರು. ಬಸ್ಸಿನ ಬಾಗಿಲ ಪಕ್ಕದಲ್ಲಿ ಒಂದು ಗೆರೆ ಇರುತ್ತಿತ್ತಂತೆ. ತಲೆ ಗೆರೆಗಿಂತ ಕೆಳಗಿದ್ದರೆ ಅರ್ಧ ಟಿಕೆಟ್ಟು, ಮೇಲಿದ್ದರೆ ಪೂರ್ತಿ. ಪುಸ್ತಕದ ಕೋಣೆಯ ಬಾಗಿಲಿಗೂ ಅವರು ಬಣ್ಣ ತಂದು ಎರಡು ಗೆರೆ ಎಳೆದರು. ಇದಲ್ಲದೆ ಅವರಿಗೆ ಇನ್ನೊಂದು ಸಿದ್ಧಾಂತವಿತ್ತು. ಅದನ್ನು ಊಟಕ್ಕೆ ಕೂತಾಗ ನನಗೆ ಉಪದೇಶ ಮಾಡಿದರು.

"ಮಗುವಿನ ವಯಸ್ಸನ್ನ ತಾಯಿ ಹತ್ರ ಕೇಳಬೇಕು ಅಳಿಯಂದಿರೇ, ಆದ್ರೆ ನಂಬಬಾರದು. ಐದು ಅಂದ್ರೆ ಏಳು ಅಂತ ತಿಳಿಕೊಳ್ಳಬೇಕು. ಮೀಸೆ ಬಂದ ಮಗನನ್ನ ತೊಡೆ ಮೇಲೆ ಕೂರಿಸ್ಕೊಂಡು ಮಗು ಅಂದೋರನ್ನ ನಾನು ನೋಡಿದ್ದೀನಿ."

ಅವರ ಲೆಕ್ಕ ಬಸ್ಸಿನ ಮಟ್ಟಿಗೆ ಸರಿಯೇ. ಅಲ್ಲಿ ವಯಸ್ಸು ಇಳಿದಷ್ಟೂ ಟಿಕೆಟ್ಟಿನ ದುಡ್ಡು ಉಳಿಯುತ್ತದೆ. ಆದರೆ ಪುಸ್ತಕದ ಕೋಣೆಗೆ ಮಗುವನ್ನು ಕರೆತರುವ ತಾಯಿ ಬೇರೆಯೇ ವ್ಯಕ್ತಿ. ಅವಳಿಗೆ ದುಡ್ಡು ಉಳಿಸಬೇಕಾಗಿಲ್ಲ, ಪಕ್ಕದ ಮನೆಯವಳ ಎದುರು ಮಾನ ಉಳಿಸಬೇಕು. ತನ್ನ ಮಗು ತನಗಿಂತ ದೊಡ್ಡ ಮಕ್ಕಳ ಪುಸ್ತಕವನ್ನು ಲೀಲಾಜಾಲವಾಗಿ ಓದುತ್ತದೆ ಎನ್ನಿಸಿಕೊಳ್ಳಲು ಅವಳು ವಯಸ್ಸನ್ನು ಏರಿಸುತ್ತಾಳೆ. ತಾಯಿ ಎರಡು ವರ್ಷ ಏರಿಸಿದಳು, ಮಾವನವರು ಅದರ ಮೇಲೆ ಇನ್ನೆರಡು ಏರಿಸಿದರು. ಹೀಗೆ ನಮ್ಮ ಕಟ್ಟಡದ ಮಕ್ಕಳು ಬಾಗಿಲಲ್ಲಿ ನಿಂತ ನಿಂತಲ್ಲೇ ನಾಲ್ಕು ವರ್ಷ ದೊಡ್ಡವರಾದರು.

ಮೊದಲು ಬಂದವರು ಅಧ್ಯಕ್ಷರ ಸೊಸೆ. ಮಗನ ವಯಸ್ಸು ಎಂಟು ಎಂದರು. ಆ ಮಗುವಿಗೆ ಆರು. ಮಾವನವರು ತುಟಿಯಂಚಿನಲ್ಲಿ ನಕ್ಕು, ಹತ್ತು ಎಂದು ಎಣಿಸಿ, ಮಧ್ಯದ ಕಪಾಟಿನಿಂದ ಮುಖಪುಟದಲ್ಲಿ ಬೆಕ್ಕು, ಭೂತಗನ್ನಡಿ ಇದ್ದ ಪುಸ್ತಕವನ್ನು ಎತ್ತಿಕೊಟ್ಟರು. ಒಳಗಿದ್ದದ್ದು ಒಬ್ಬ ಪತ್ತೇದಾರ, ಒಬ್ಬ ಶ್ರೀಮಂತ ಮುದುಕನ ಸಾವು ಮತ್ತು ಒಂದು ಉಯಿಲು. ಇಂಥ ಪುಸ್ತಕ ನಮ್ಮ ಹುಡುಗನಿಗೆ ಕಷ್ಟ ಎಂದು ಹಿಂದಿರುಗಿಸಲು ಆ ತಾಯಿಗೆ ಅಭಿಮಾನ ಅಡ್ಡ ಬಂತು. ತಾನೇ ಕೂತು ದಿನಾ ಮಗನಿಗೆ ಓದಿ ಹೇಳಿದಳು.

ಹುಡುಗನಿಗೆ ಅರ್ಥವಾದದ್ದು ಪತ್ತೇದಾರ ಎಲ್ಲರನ್ನೂ ಕೇಳುವ ಒಂದೇ ಒಂದು ಪ್ರಶ್ನೆ. ರಟ್ಟು ಕತ್ತರಿಸಿ ಭೂತಗನ್ನಡಿ ಮಾಡಿಕೊಂಡು, ಪೇಪರು ಓದುತ್ತಿದ್ದ ಅಜ್ಜನ ಮುಖಕ್ಕೆ ಹಿಡಿದು ಕೇಳಿದ: "ತಾತ, ನೀನು ಸತ್ರೆ ಲಾಭ ಯಾರಿಗೆ?"

ಅಧ್ಯಕ್ಷರ ಕೈಯಿಂದ ಪೇಪರು ಜಾರಿತು. ಎಷ್ಟೋ ಜನರ ಹಲ್ಲು ಕಿತ್ತ ಗಟ್ಟಿ ಮನುಷ್ಯ ಆ ಸಂಜೆ ಸೊಸೆ ತಂದ ಚಹಾವನ್ನು ಮೊದಲು ಮಗ ಕುಡಿಯಲಿ ಎಂದು ಕಾದರು. ಇಷ್ಟು ಸಣ್ಣ ಮಗುವಿಗೆ ಇಂಥ ಮಾತು ತಾನಾಗಿ ಬರುವುದಿಲ್ಲ, ಮನೆಯಲ್ಲಿ ಯಾರೋ ಆಡಿರಬೇಕು ಎಂದು ಅವರಿಗೆ ಖಾತ್ರಿಯಾಯಿತು. ಆ ಯಾರೋ ಯಾರೆಂಬುದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ಸೊಸೆಯ ಕಡೆ ನೋಡಿ ನಿಟ್ಟುಸಿರು ಬಿಟ್ಟರು. ಅಷ್ಟರಲ್ಲಿ ಹುಡುಗ ತನಿಖೆಯನ್ನು ಉಳಿದ ಮನೆಗಳಿಗೂ ವಿಸ್ತರಿಸಿದ್ದ. ಕಟ್ಟಡದಲ್ಲಿ ವಯಸ್ಸಾದವರಿರುವ ಮನೆಗಳಿಗೇನೂ ಕೊರತೆಯಿರಲಿಲ್ಲ. ಅವನು ಬಂದುಹೋದ ಮನೆಗಳಲ್ಲೆಲ್ಲ ಊಟದ ಹೊತ್ತಿಗೆ ಮಾತು ನಿಂತು ಬರೀ ತಟ್ಟೆಯ ಸದ್ದು ಕೇಳಿಸತೊಡಗಿತು.

ಎರಡನೆಯ ಮಹಡಿಯ ಟೈಲರ ಮಗಳಿಗೆ ಒಂಬತ್ತು ವರ್ಷ, ಆದರೆ ತಾಯಿಯಷ್ಟೇ ಎತ್ತರ. ತಲೆ ಎರಡೂ ಗೆರೆಗಳನ್ನು ದಾಟಿದ್ದರಿಂದ ಮಾವನವರು ಅವಳಿಗೆ ಕೂಡುಕುಟುಂಬವೊಂದು ಜಗಳವಾಡಿ ಪಾಲಾಗುವ ದಪ್ಪ ಕಾದಂಬರಿ ಕೊಟ್ಟರು. ಹುಡುಗಿ ಜಾಣೆ, ಅರ್ಧಕ್ಕರ್ಧ ಓದಿಯೂ ಬಿಟ್ಟಳು. ಆಮೇಲೆ ಅಪ್ಪನ ಸೀಮೆಸುಣ್ಣ ತೆಗೆದುಕೊಂಡು ತನಗೂ ತಮ್ಮನಿಗೂ ನಡುವೆ ಕೋಣೆಯ ಉದ್ದಕ್ಕೂ ಗೆರೆ ಎಳೆದು, ಈ ಮನೆಯಲ್ಲಿ ಹೆಣ್ಣುಮಕ್ಕಳ ಮಾತಿಗೆ ಬೆಲೆಯಿಲ್ಲ, ನನ್ನ ಪಾಲು ನನಗೆ ಕೊಟ್ಟುಬಿಡಿ ಎಂದಳು. ಹೊಲಿಗೆ ಯಂತ್ರ ಯಾರ ಪಾಲಿಗೆ ಎಂದು ಅವಳೇ ತೀರ್ಮಾನಿಸಿಯೂ ಇದ್ದಳು.

ಇನ್ನೊಬ್ಬ ಹುಡುಗ ವ್ಯಾಯಾಮ ಶಾಲೆಯ ಮೇಷ್ಟರ ಮಗ. ಹದಿನಾಲ್ಕು ವರ್ಷ, ಆದರೆ ಕುಳ್ಳ. ಒಬ್ಬನೇ ಬಂದು, ತನಗೆ ಹದಿನಾಲ್ಕು ಎಂದ. ಮಾವನವರು ದಂಗಾದರು. ತಾನಾಗಿಯೇ ಪೂರ್ತಿ ಟಿಕೆಟ್ಟು ಕೇಳುವ ಹುಡುಗನನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ. ಇದರಲ್ಲಿ ಏನೋ ಮೋಸವಿದೆ ಎಂದು ಗೆರೆಯ ಪಕ್ಕ ನಿಲ್ಲಿಸಿ ನೋಡಿ, ಅಮ್ಮನನ್ನು ಹುಡುಕಿಕೊಂಡು ಹೋಗುವ ಬಾತುಕೋಳಿ ಮರಿಯ ಬಣ್ಣದ ಪುಸ್ತಕ ಕೊಟ್ಟು ಗಲ್ಲ ತಟ್ಟಿ ಕಳಿಸಿದರು. ಮಗನ ಹಾಸಿಗೆಯ ಕೆಳಗೆ ಆ ಪುಸ್ತಕ ಸಿಕ್ಕಿದಾಗ ಮೇಷ್ಟರಿಗೆ ಆದ ಅವಮಾನ ಅಷ್ಟಿಷ್ಟಲ್ಲ.

ಭಾನುವಾರ ಮಧ್ಯಾಹ್ನ ಪುಸ್ತಕದ ಕೋಣೆಯಲ್ಲೇ ಸಭೆ ಸೇರಿತು. ಮಾವನವರನ್ನು ತೆಗೆದುಹಾಕುವುದೊಂದೇ ವಿಷಯ. ಅತ್ತೆ ಮುಂದಿನ ಸಾಲಿನಲ್ಲಿ ಸೆರಗು ಬಿಗಿಹಿಡಿದು ಕೂತಿದ್ದರು. ಅವರ ಪಕ್ಕದಲ್ಲಿ ನಾನು, ಅಟ್ಟದ ಮೇಲಿನ ಪೆಟ್ಟಿಗೆಯನ್ನು ನೆನೆಯುತ್ತಾ ಕೂತಿದ್ದೆ.

ಮೊದಲು ಎದ್ದವರು ಟೈಲರ ಹೆಂಡತಿ. ಮಗಳಿಗೆ ವಯಸ್ಸಿಗೆ ಮೀರಿದ ಪುಸ್ತಕ ಕೊಟ್ಟು ಮನೆ ಒಡೆದರು ಎಂದು ದೂರಿದರು. ಮಾವನವರು ವಿನಯದಿಂದ, ಮಗುವಿನ ವಯಸ್ಸು ಎಷ್ಟು ತಾಯಿ ಎಂದು ಕೇಳಿದರು. ಆಕೆ ಬಾಯಿ ತೆರೆದವರು ಸುತ್ತ ನೋಡಿದರು. ಪುಸ್ತಕದ ಕೋಣೆಯಲ್ಲಿ ಹನ್ನೊಂದು ಎಂದು ಹೇಳಿದ್ದನ್ನು ಕೇಳಿಸಿಕೊಂಡಿದ್ದ ನೆರೆಯವರೆಲ್ಲ ಅಲ್ಲೇ ಇದ್ದರು. ಹನ್ನೊಂದೇ ಎಂದು ಮೆಲ್ಲಗೆ ಹೇಳಿದರು. ಹನ್ನೊಂದಕ್ಕೇ ಇಷ್ಟು ಬುದ್ಧಿವಂತಳಾದ ಹುಡುಗಿಗೆ ಆ ಪುಸ್ತಕ ಹೆಚ್ಚಲ್ಲವಲ್ಲ ಎಂದರು ಮಾವನವರು. ಹೆಚ್ಚಲ್ಲ ಎಂದು ಒಪ್ಪಿಕೊಂಡು ಆಕೆ ಕೂತರು. ಆಮೇಲೆ ಎದ್ದ ತಾಯಂದಿರೂ ಹೀಗೆಯೇ ವಯಸ್ಸಿನ ಪ್ರಶ್ನೆ ಬಂದೊಡನೆ ಕೂತುಬಿಟ್ಟರು. ದೂರು ಕೊಡಬೇಕಾದರೆ ಸುಳ್ಳು ಒಪ್ಪಿಕೊಳ್ಳಬೇಕು, ಸುಳ್ಳು ಒಪ್ಪಿಕೊಂಡರೆ ಮಗುವಿನ ಜಾಣತನ ಹೋಗುತ್ತದೆ. ಮಾವನವರಿಗೆ ಇದಾವುದೂ ಗೊತ್ತಿಲ್ಲ. ತಮ್ಮ ಕೆಲಸವನ್ನು ಎಲ್ಲರೂ ಮೆಚ್ಚುತ್ತಿದ್ದಾರೆ ಎಂದುಕೊಂಡು ಒಬ್ಬೊಬ್ಬರಿಗೂ ಕೈಮುಗಿಯುತ್ತಿದ್ದರು.

ವ್ಯಾಯಾಮದ ಮೇಷ್ಟರು ಮಾತ್ರ ಬಾತುಕೋಳಿ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿ, ಇದನ್ನು ಈಗಲೇ ವಾಪಸು ತೆಗೆದುಕೊಳ್ಳಿ ಎಂದರು. ಹಿಂದಿನ ಸಾಲಿನಿಂದ ಅವರ ಮಗ, ನಾನಿನ್ನೂ ಪೂರ್ತಿ ನೋಡಿಲ್ಲ ಎಂದ. ಪುಸ್ತಕದಲ್ಲಿದ್ದದ್ದು ಬೆರಳೆಣಿಕೆಯ ಪುಟಗಳು. ಮೇಷ್ಟರ ತೋಳು ಇಳಿದುಹೋಯಿತು.

ಕೊನೆಗೆ ಅಧ್ಯಕ್ಷರು ಎದ್ದು, ಉಳಿದದ್ದೆಲ್ಲ ಹಾಗಿರಲಿ, ನನ್ನ ಮೊಮ್ಮಗನಿಗೆ ಆ ಪ್ರಶ್ನೆ ಕಲಿಸಿದವರು ಯಾರು ಎಂದು ಕೇಳಿದರು. ಸೊಸೆಗೆ ಇಕ್ಕಟ್ಟಾಯಿತು. ಪುಸ್ತಕದಲ್ಲಿತ್ತು ಎಂದರೆ, ಆರು ವರ್ಷದ ಮಗುವಿಗೆ ಆ ಪುಸ್ತಕ ಹೇಗೆ ಬಂತು ಎಂಬ ಪ್ರಶ್ನೆ. ಪುಸ್ತಕದಲ್ಲಿರಲಿಲ್ಲ ಎಂದರೆ ಮಾವನ ಆಸ್ತಿಯ ಮೇಲೆ ಕಣ್ಣಿಟ್ಟ ಸೊಸೆಯಾಗಬೇಕು. ಆಕೆ ಯೋಚಿಸುತ್ತಿರುವಾಗ ನಮ್ಮ ಮಾವನವರೇ ಸಹಾಯಕ್ಕೆ ಧಾವಿಸಿದರು. "ಪುಸ್ತಕದಲ್ಲೇ ಇರಬೇಕು ಡಾಕ್ಟ್ರೇ. ಎಂಟು ಅಂದ್ರು, ನಾನು ಹತ್ತರದ್ದು ಕೊಟ್ಟೆ."

"ನಂಗೆ ಆರು," ಎಂದ ಹುಡುಗ, ರಟ್ಟಿನ ಭೂತಗನ್ನಡಿಯ ಹಿಂದಿನಿಂದ.

"ಅವನಿಗಿನ್ನೂ ಲೆಕ್ಕ ಸರಿಯಾಗಿ ಬರಲ್ಲ," ಎಂದುಬಿಟ್ಟಳು ತಾಯಿ. ಇಷ್ಟು ದಿನ ಅವನ ಜಾಣತನವನ್ನು ಕಟ್ಟಡಕ್ಕೆಲ್ಲ ಸಾರಿದ ಬಾಯಿಂದಲೇ ಆ ಮಾತು ಬಂತು. ಕೋಣೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಆಕೆ ಕಣ್ಣಲ್ಲಿ ನೀರು ತಂದುಕೊಂಡು, ಆರೇ ಎಂದು ಒಪ್ಪಿಕೊಂಡಳು. ಅಧ್ಯಕ್ಷರಿಗೆ ಆದ ಸಮಾಧಾನ ಹೇಳತೀರದು. ಸೊಸೆ ಸುಳ್ಳು ಹೇಳಿದ್ದು ಬರೀ ವಯಸ್ಸಿನ ವಿಷಯದಲ್ಲಿ ಎಂದು ಗೊತ್ತಾಗಿ ಅವರು ಆಕೆಯ ತಲೆ ಸವರಿದರು. ಟೈಲರ ಹೆಂಡತಿಯೂ ಎದ್ದು ಒಂಬತ್ತು ಎಂದರು. ಒಬ್ಬೊಬ್ಬರಾಗಿ ಎಲ್ಲರೂ ತಮ್ಮ ತಮ್ಮ ಮಕ್ಕಳ ವಯಸ್ಸನ್ನು ಇಳಿಸಿದರು.

ಮಾವನವರೊಬ್ಬರೇ ನಗಲಿಲ್ಲ. ಅವರು ಆ ಹುಡುಗನನ್ನೇ ನೋಡುತ್ತಿದ್ದರು.

"ಹೋದ ವರ್ಷ ನನ್ನ ಬಸ್ಸಲ್ಲಿ ಈ ಮಗೂಗೆ ಮೂರು ವರ್ಷ ಆಗಿತ್ತು," ಎಂದರು. "ಈ ವರ್ಷ ಎಂಟು. ಈಗ ನೋಡಿದ್ರೆ ಆರು. ಕಮ್ಮಿ ಹೇಳ್ತಾರೆ ಅನ್ನೋದೊಂದೇ ನಾನು ಕಲ್ತ ವಿದ್ಯೆ ಡಾಕ್ಟ್ರೇ. ಅದೂ ಸುಳ್ಳಾದ ಮೇಲೆ ನನಗಿನ್ನೇನು ಗೊತ್ತಿದೆ?"

ಕೀಲಿಕೈಯನ್ನು ಮೇಜಿನ ಮೇಲಿಟ್ಟು ಅವರು ಪಕ್ಕಕ್ಕೆ ಸರಿದು ನಿಂತರು. ಅವರ ಬಾಯಿಂದ ಅಷ್ಟು ಸಣ್ಣ ಧ್ವನಿ ಬಂದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನನಗೆ ನಿಜಕ್ಕೂ ಸಂಕಟವಾಯಿತು. ಅವರ ಬಗ್ಗೆ ಅರ್ಧ, ನನ್ನ ಮಧ್ಯಾಹ್ನದ ಊಟದ ಬಗ್ಗೆ ಅರ್ಧ. ಅಧ್ಯಕ್ಷರು ಕೀಲಿಕೈಗೆ ಕೈ ಚಾಚಿದರು. ಅವರಿಗಿಂತ ಮೊದಲು ಅತ್ತೆಯ ಕೈ ಅದರ ಮೇಲೆ ಬಿತ್ತು.

"ಇವರನ್ನ ಮನೆಗೆ ವಾಪಸ್ ಕಳಿಸಬೇಡಿ," ಎಂದರು ಅತ್ತೆ. ಮೊದಲ ಮಾತು ಸತ್ಯವಾಗಿಯೇ ಬಾಯಿಂದ ಬಿದ್ದುಹೋಗಿತ್ತು. ಅದನ್ನು ಮುಚ್ಚಿಹಾಕಲು ಅವರು ಗಂಡನ ಕಡೆ ತಿರುಗಿ ದಬಾಯಿಸಿದರು. "ಅಲ್ಲಾ ರೀ, ಇಷ್ಟು ವರ್ಷ ಕಂಡಕ್ಟರಾಗಿದ್ರಲ್ಲ, ನೀನು ಈ ಬಸ್ಸಿಗೇ ಹತ್ತು, ಆ ಬಸ್ಸಿಗೆ ಹತ್ತಬೇಡ ಅಂತ ಯಾರಿಗಾದ್ರೂ ಹೇಳಿದ್ರಾ? ಬಸ್ಸು ಎಲ್ಲಿಗೆ ಹೋಗುತ್ತೆ ಅಂತ ಕೂಗ್ತಿದ್ರಿ, ಹೋಗಬೇಕಾದೋರು ಹತ್ತುತಿದ್ರು. ಇಲ್ಲೂ ಅಷ್ಟು ಮಾಡಿದ್ರೆ ಸಾಲದಾ?"

ಅದು ಯೋಚನೆ ಮಾಡಿ ಆಡಿದ ಮಾತಲ್ಲ, ಹತಾಶೆಯಲ್ಲಿ ಬಂದದ್ದು. ಆದರೆ ಮಕ್ಕಳೆಲ್ಲ ಹೋ ಎಂದರು. ಅಧ್ಯಕ್ಷರು ಕೈ ಹಿಂದಕ್ಕೆ ತೆಗೆದುಕೊಂಡರು. ಮಾವನವರು ತಲೆ ಕೆರೆದುಕೊಂಡು, ಕೂಗಬೇಕಾದರೆ ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ತನಗೆ ಗೊತ್ತಿರಬೇಕಲ್ಲ ಎಂದರು. ಹಾಗಾದರೆ ಓದಿ ಎಂದರು ಅತ್ತೆ.

ಅವರು ಓದಿದರು. ಮೊದಲು ತೆಳ್ಳಗಿನವು, ತುಟಿ ಅಲ್ಲಾಡಿಸಿಕೊಂಡು, ಆಮೇಲೆ ಮಧ್ಯಮದವು. ವಾರ ಕಳೆಯುವಷ್ಟರಲ್ಲಿ ಕೋಣೆಯ ಬಾಗಿಲಲ್ಲಿ ನಿಂತು ಹಳೆಯ ಗಂಟಲಿನಲ್ಲಿ ಕೂಗತೊಡಗಿದರು. "ಕಾಡು, ಮುರುಕು ಸೇತುವೆ, ದಾರಿ ತಪ್ಪಿದ ಅಣ್ಣ ತಂಗಿ, ಮಧ್ಯೆ ಒಂದು ಕರಡಿ. ಕರಡಿಗೆ ಹೆದರೋರು ಹತ್ತಬೇಡಿ." ಮಕ್ಕಳು ಅದಕ್ಕೇ ಮುಗಿಬಿದ್ದರು. ಕೆಲವು ಪುಸ್ತಕಕ್ಕೆ, ಇದು ಕೊನೇಲಿ ಅಳಿಸುತ್ತೆ, ಅಳೋಕೆ ತಯಾರಿದ್ದೋರು ಮಾತ್ರ ಎನ್ನುತ್ತಿದ್ದರು. ಅದಕ್ಕೂ ಗಿರಾಕಿಗಳಿದ್ದರು. ಮೊದಲೆರಡು ಪುಟದಲ್ಲಿ ಹಿಡಿಸದಿದ್ದರೆ ತಂದಿಟ್ಟು ಬೇರೆಯದಕ್ಕೆ ಹತ್ತಬಹುದು, ಯಾರೂ ಕಾರಣ ಕೇಳುವುದಿಲ್ಲ. ಉಯಿಲಿನ ಪತ್ತೇದಾರನಿಗೆ ಮಾತ್ರ, ಅಜ್ಜಂದಿರು ಜೊತೆಗಿದ್ದರೆ ಹತ್ತಬಹುದು ಎಂದು ನಿಯಮ ಮಾಡಿದರು. ಬಾಗಿಲ ಗೆರೆಗಳನ್ನು ತಾವೇ ಉಜ್ಜಿ ಅಳಿಸಿದರು.

ವ್ಯಾಯಾಮದ ಮೇಷ್ಟರ ಮಗ ತನಗೆ ಬೇಕಾದ ಸಾಹಸದ ಕಥೆಗಳನ್ನು ತಾನೇ ಆರಿಸಿಕೊಂಡ. ಜೊತೆಗೆ ಪುಟ್ಟ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಬಾತುಕೋಳಿ ಪುಸ್ತಕವನ್ನು ಓದಿ ಹೇಳುವ ಕೆಲಸವನ್ನೂ, ಬೇರೆ ದಾರಿಯಿಲ್ಲ ಎಂಬಂತೆ ಮುಖ ಮಾಡಿಕೊಂಡು, ವಹಿಸಿಕೊಂಡ. ಒಂದು ದಿನ ಅಧ್ಯಕ್ಷರ ಮೊಮ್ಮಗ ಮೂಲೆಯಲ್ಲಿ ಕೂತು, ಟೋಪಿ ಕಳೆದುಕೊಂಡ ಇಲಿಯ ಕಥೆಯನ್ನು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ತಾನೇ ಓದಿದ. ಕರೆದೊಯ್ಯಲು ಬಂದ ತಾಯಿ ಬಾಗಿಲಲ್ಲೇ ನಿಂತುಬಿಟ್ಟಳು. ಅವನು ತಾನಾಗಿ ಓದಿದ್ದನ್ನು ಅವಳು ನೋಡಿದ್ದು ಅದೇ ಮೊದಲು. ಮಾವನವರ ಹತ್ತಿರ ಬಂದು, ಆರು ವರ್ಷದವರು ಓದುವಂಥದ್ದು ಇನ್ನೊಂದಿದೆಯೇ ಎಂದು ಕೇಳಿದಳು. ಆರು ಎಂಬುದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದಳು. ನೋಡುತ್ತಿದ್ದ ನನಗೂ ಖುಷಿಯಾಯಿತು.

ನಮ್ಮ ಮನೆಯ ಸುದ್ದಿಗೆ ಬರೋಣ. ಮಾವನವರು ಈಗ ದಪ್ಪ ಪುಸ್ತಕಗಳಿಗೆ ಬಂದಿದ್ದಾರೆ. ಕೋಣೆ ಮುಚ್ಚಿದ ಮೇಲೆ ಒಂದನ್ನು ಕಂಕುಳಲ್ಲಿಟ್ಟುಕೊಂಡು ಬಂದು, ಕುರ್ಚಿಯಲ್ಲಿ ಕೂತರೆಂದರೆ ತುಟಿಪಿಟಕ್ಕೆನ್ನುವುದಿಲ್ಲ. ಮೊದಲ ಕೆಲವು ದಿನ ಅತ್ತೆ ಈ ನಿಶ್ಶಬ್ದವನ್ನು ಆನಂದದಿಂದ ಅನುಭವಿಸಿದರು. ತಲೆನೋವು ಮಾಯವಾಯಿತು. ಆಮೇಲೆ ಅಡುಗೆಮನೆಯಿಂದ ಆಗಾಗ ಇಣುಕಿ ನೋಡತೊಡಗಿದರು. ಆಮೇಲೆ, ಅದರಲ್ಲಿ ಅಂಥದ್ದೇನಿದೆ ಎಂದು ಕೇಳಿದರು. ಮಾವನವರು, ಒಂದು ಹಡಗು, ಹದಿಮೂರು ಜನ, ಅವರಲ್ಲೊಬ್ಬ ಕಳ್ಳ, ಹಡಗು ಮಂಜಿನಲ್ಲಿ ಸಿಕ್ಕಿಕೊಂಡಿದೆ ಎಂದಷ್ಟು ಹೇಳಿ ಮತ್ತೆ ಪುಸ್ತಕಕ್ಕೆ ತಲೆ ಹಾಕಿದರು.

ಮುಂದೇನಾಯಿತು ಎಂದರು ಅತ್ತೆ. ಬಡಿಸುವಾಗ ಕೇಳಿದರು, ಬಟ್ಟೆ ಮಡಿಸುವಾಗ ಕೇಳಿದರು, ಕಳ್ಳ ಅಡುಗೆಯವನೇ ಇರಬೇಕು ಎಂದು ತಾವೇ ಊಹಿಸಿ ಅವರ ಮುಖ ನೋಡಿದರು. ಒಂದು ವರ್ಷ ಈ ಮನುಷ್ಯನ ಬಾಯಿ ಮುಚ್ಚಿಸಲು ಹೆಣಗಿದವರು ಈಗ ಬಾಯಿ ಬಿಡಿಸಲು ಹೆಣಗುತ್ತಿದ್ದರು.

"ಅದನ್ನ ಹೇಳೋ ಹಾಗಿಲ್ಲ," ಎಂದರು ಮಾವನವರು ಕೊನೆಗೆ, ನಿನ್ನೆ ಸಂಜೆ. "ಎಲ್ಲಿಗೆ ಹೋಗುತ್ತೆ ಅಂತ ಹೇಳಬಹುದು, ಹೋಗಿ ಏನಾಗುತ್ತೆ ಅಂತ ಹೇಳಬಾರದು."

"ನಾನು ನಿಮ್ಮ ಹೆಂಡತಿ."

"ಯಾರಾದ್ರೂ ಅಷ್ಟೆ."

ಅತ್ತೆ ಒಲೆ ಆರಿಸಿದರು. ಕೈ ಒರೆಸಿಕೊಂಡು ಬಂದು, ಅವರ ಕೈಯಿಂದ ಪುಸ್ತಕವನ್ನೂ ಮೂಗಿನ ಮೇಲಿಂದ ಕನ್ನಡಕವನ್ನೂ ಕಿತ್ತುಕೊಂಡು, ಕೋಣೆಯೊಳಗೆ ಹೋಗಿ ಚಿಲಕ ಹಾಕಿಕೊಂಡರು. ಆ ಸಂಜೆ ಊಟ ಬಡಿಸಿದ್ದು ನಾನು, ಅನ್ನ ಸೀಯಿಸಿದ್ದೂ ನಾನೇ. ಮಾವನವರು ಊಟಕ್ಕೆ ಬರಲಿಲ್ಲ. ಮುಚ್ಚಿದ ಬಾಗಿಲಿನ ಮುಂದೆ ಅತ್ತಿಂದಿತ್ತ ನಡೆದಾಡುತ್ತಿದ್ದರು. ಒಳಗೆ ಪುಟ ಮಗುಚುವ ಸದ್ದು, ಆಮೇಲೆ ಅತ್ತೆ ಹಾ ಎಂದದ್ದು ಕೇಳಿಸಿತು. ಮಾವನವರಿಗೆ ತಡೆಯಲಾಗಲಿಲ್ಲ. ಬಾಗಿಲಿಗೆ ಬಾಯಿಟ್ಟು, "ಕಳ್ಳ ಯಾರು ಅಂತ ಅಷ್ಟು ಹೇಳಿಬಿಡೇ, ನಾನಿನ್ನೂ ಅಲ್ಲಿಗೆ ಬಂದಿಲ್ಲ," ಎಂದರು.

ಒಳಗೆ ಇನ್ನೊಂದು ಪುಟ ಮಗುಚಿದ ಸದ್ದಾಯಿತು. ಆಮೇಲೆ ಅತ್ತೆಯ ಸ್ವರ ಬಂತು.

"ಅದನ್ನ ಹೇಳೋ ಹಾಗಿಲ್ಲ."